ಒಂಬತ್ತು ಸೆಂಟಿಮೀಟರ್

ಕ್ಯಾಮೆರಾದ ಕಣ್ಣಿಂದ ಗಾಳಿಕೊಳವೆಯ ಬಾಯಿಗೆ
ಒಂಬತ್ತು ಸೆಂಟಿಮೀಟರ್.
ತೊಗರಿಬೇಳೆ ಅಷ್ಟು ದೂರ ಬೀಳಲು ಮೂವತ್ತು ಮಿಲಿಸೆಕೆಂಡ್.
ಅಷ್ಟರೊಳಗೆ ನೋಡಬೇಕು, ತೀರ್ಮಾನಿಸಬೇಕು,
ಕರಿಕಾಳಾದರೆ ಸರಿಯಾಗಿ ಅದರ ಎದೆಗೇ
ಫಟ್ ಅಂತ ಊದಬೇಕು.
ಒಂದು ಮಿಲಿಸೆಕೆಂಡ್ ತಡವಾದರೆ ಮೂರು ಮಿಲಿಮೀಟರ್ ತಡ:
ಕರಿದು ಪಾರಾಗಿ ಚೀಲ ಸೇರುತ್ತದೆ,
ಹಿಂದೆ ಬಂದ ಬಂಗಾರದಂಥ ಬೇಳೆ
ಮಾಡದ ತಪ್ಪಿಗೆ ಪೆಟ್ಟು ತಿಂದು ಕಸಕ್ಕೆ ಹಾರುತ್ತದೆ.
ಬೀಳುವುದಕ್ಕೆ ಕಾಯಲು ಬರುವುದಿಲ್ಲ.

ಕಪನೂರಿನ ದಾಲ್ ಮಿಲ್ಲು, ಮೇ ತಿಂಗಳು, ತಗಡಿನ ಮಾಡು.
ಹೊಸ ಕಂಟ್ರೋಲರ್‌ಗೆ ಎರಡು ಲಕ್ಷ ಅಂದೆ.
ಗುರುಲಿಂಗಪ್ಪ ಸಾಹುಕಾರರು ಬಿಲ್ಲು ಬರೆಯುವ ಕಂಪ್ಯೂಟರ್ ತೋರಿಸಿದರು:
"ಇದರಾಗ ಯಾಕ ಆಗಲ್ರೀ? ನಾಕು ತಲಿ ಅವ ಅಂತ ನೀವೇ ಹೇಳಿದ್ರಲ್ಲ."

ಹೌದು, ನಾಲ್ಕು ತಲೆ. ಆದರೆ ಅದು
ನನ್ನ ಸೋದರಮಾವನಂಥ ಯಂತ್ರ:
ಯಾರು ಬಾಗಿಲು ಬಡಿದರೂ "ಬರ್ರಿ, ಕೂಡ್ರಿ".
ಮೌಸು ಅಲುಗಿದರೆ ಅತ್ತ ಹೊರಳುತ್ತದೆ,
ಪ್ರಿಂಟರ್ ಕೆಮ್ಮಿದರೆ ನೀರು ತರಲು ಏಳುತ್ತದೆ,
ಕೆಲಸವಿಲ್ಲದಾಗ ಒಂದು ಜೊಂಪು.
ಸರಾಸರಿ ಕೇಳಿದರೆ ಬಹಳ ಒಳ್ಳೆಯ ಮನುಷ್ಯ.
ಸರಾಸರಿ ನನಗೆ ಬೇಡ.
ಕೋಟಿ ಸಲದಲ್ಲಿ ಒಮ್ಮೆ, ತೀರಾ ಕೆಟ್ಟ ಗಳಿಗೆಯಲ್ಲಿ,
ಎಷ್ಟು ತಡ ಮಾಡುತ್ತೀ? ಅದೊಂದು ಹೇಳು.

ನಾಲ್ಕನೆಯ ತಲೆಗೆ ಬೇರೆ ಕೋಣೆ ಕೊಟ್ಟೆ.
ಬಾಗಿಲು ಬಡಿಯುವವರನ್ನೆಲ್ಲ ಉಳಿದ ಮೂವರ ಪಾಲು ಮಾಡಿದೆ.
ಕರ್ನಲ್‌ಗೆ ತೇಪೆ ಹಚ್ಚಿದೆ: ಅದೇ ಮಾತಾಡುತ್ತಿದ್ದರೂ
ನಡುವೆ ಬಾಯಿ ಹಾಕುವ ಹಕ್ಕು ನನ್ನ ಪ್ರೋಗ್ರಾಮಿಗೆ.
ಬೇಕಾದ ನೆನಪೆಲ್ಲ ಮೊದಲೇ ಕೆಳಗಿಳಿಸಿ ಕೀಲಿ ಹಾಕಿದೆ,
ಹೊತ್ತಿಗೆ ಅಟ್ಟ ಹತ್ತಿ ಹುಡುಕುವಂತಿಲ್ಲ.
ಜೊಂಪು ಬಂದ್.

ರಾತ್ರಿಯಿಡೀ ಅಳೆದೆ. ಗರಿಷ್ಠ ಹನ್ನೊಂದು ಮೈಕ್ರೊಸೆಕೆಂಡ್.
ಆ ಖುಷಿಗೆ ಎರಡು ಪ್ಲೇಟು ಸುಸಲಾ, ಮಿರ್ಚಿ.
ಮಧ್ಯಾಹ್ನ ಎರಡರ ಸುಮಾರಿಗೆ ಪರದೆಯ ಮೇಲೆ
ಎರಡು ಸಾವಿರದ ಮುನ್ನೂರು.

ಕರ್ನಲ್‌ನ ದಿನಚರಿ ತೆಗೆದೆ: ಏನೂ ನಡೆದಿಲ್ಲ ಅನ್ನುತ್ತದೆ.
ಸುಳ್ಳು ಹೇಳುವ ಜಾತಿಯದಲ್ಲ ಅದು.
ಬೇರೇನೂ ಮಾಡದೆ ಗಡಿಯಾರವನ್ನೇ ನೋಡುವ
ಪುಟ್ಟ ಪ್ರೋಗ್ರಾಮು ಬರೆದು ಕಾವಲಿಗೆ ಕೂರಿಸಿದೆ.
ನೋಡಿತು, ನೋಡಿತು, ನೋಡಿತು,

ನೋಡಿತು.
ನಡುವಿನ ಆ ಖಾಲಿ ಸಾಲಿನಲ್ಲಿ ಯಾರೋ ಬಂದು ಹೋಗಿದ್ದರು.

ಎಲ್ಲದರ ಕೆಳಗೆ, ನೆಲಮಾಳಿಗೆಯಲ್ಲಿ, ಬೋರ್ಡು.
ನಲವತ್ನಾಲ್ಕು ಡಿಗ್ರಿಗೆ ಮೈ ಕಾದು ಎಚ್ಚರಾಗಿ
ಯಾರನ್ನೂ ಕೇಳದೆ ನಾಲ್ಕೂ ತಲೆ ನಿಲ್ಲಿಸಿ
ಹಣೆ ಮುಟ್ಟಿ ನೋಡಿಕೊಳ್ಳುತ್ತಿತ್ತು, ಜ್ವರ ಎಷ್ಟು ಅಂತ.
ತಾನು ಸತ್ತು ಎದ್ದದ್ದು ಕರ್ನಲ್‌ಗೂ ಗೊತ್ತಿಲ್ಲ.
ಮನೆಯ ಒಡೆಯ ಅಂದುಕೊಂಡಿದ್ದೆ,
ಅದೂ ಬಾಡಿಗೆಗೆ ಇತ್ತು.

ಆ ಜ್ವರ ನೋಡುವ ಚಟ ಬಿಡಿಸಿದೆ. ಫ್ಯಾನು ಹಗಲೂ ರಾತ್ರಿ ಪೂರ್ತಿ ವೇಗಕ್ಕೆ.
ಸಾಹುಕಾರರ ಗಾದಿಯ ಮುಂದಿನ ಕೂಲರ್ ಎಳೆದು
ಕಂಪ್ಯೂಟರಿನ ಮುಂದಿಟ್ಟೆ. ಅವರು ವಲ್ಲಿಯಿಂದ ಕೊರಳು ಒರೆಸಿಕೊಂಡರು,
ಎರಡು ಲಕ್ಷ ನೆನೆದು ಸುಮ್ಮನಾದರು.

ಒಂಬತ್ತು ದಿನ. ಗರಿಷ್ಠ ಹದಿನಾಲ್ಕು.

ಬೆಲ್ಟಿನ ಕೊನೆಗೆ ಕೂತು ಕೈಯಲ್ಲಿ ಆರಿಸುವ ಮದಾರಬಿ ಕೇಳಿದಳು:
"ಇನ್ನ ಎಂದೂ ತಪ್ಪಲ್ಲೇನು?"
ಹೌದು ಅನ್ನುವುದು ನಾಲಿಗೆ ತುದಿಗೆ ಬಂದಿತ್ತು.
"ಒಂಬತ್ತು ದಿನ ತಪ್ಪಿಲ್ಲ" ಅಂದೆ. ನನ್ನ ಹತ್ತಿರ ಇರುವುದು ಅಷ್ಟೇ.
"ಹಂಗಾದ್ರ ನಾ ಇಲ್ಲೇ ಕುಂದರ್ತೀನಿ ಬಿಡು."

ಸಂಜೆ ಹೊರಡುವಾಗ ನನ್ನ ಅಂಗೈಗೆ
ಒಂದು ಕರಿಕಾಳು ಹಾಕಿ ಸೆರಗು ಝಾಡಿಸಿಕೊಂಡು ಹೋದಳು.
ಮೊದಲೇ ಬೆಲ್ಟಿನ ಸಂದಿಯಲ್ಲಿ ಸಿಕ್ಕಿಕೊಂಡಿದ್ದೋ,
ಇವತ್ತಿನದೋ. ಬೆಳಕಿಗೆ ಹಿಡಿದು ತಿರುಗಿಸಿದೆ.
ಕಾಳಿನ ಮೇಲೆ ಗಂಟೆ ನಿಮಿಷ ಬರೆದಿರುವುದಿಲ್ಲ.